ನೀರು ಹೊತ್ತು ಬರುವ ಲಾರಿಗಳು

ಮಾನ್ಯ ಸಂಪಾದಕರೇ,

ನನ್ನ ಊರು ಹಳಿಯಾಳ. ಫೋಂಡಾದಲ್ಲಿ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ (ಸರಕು ಜೋಡಿಸುವ ಮರದ ಅಡಿಹಲಗೆ) ಮಾಡುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಅಕೇಶಿಯಾ ದಿಮ್ಮಿ ನಮ್ಮೂರ ಕಡೆಯ ನೆಡುತೋಪುಗಳಿಂದ ಅನಮೋಡ ಘಾಟ್ ಇಳಿದು ಬರುತ್ತದೆ. ಗಿಡ ನೆಟ್ಟರೆ ಕಾರ್ಬನ್ ಹಿಡಿದಿಡುತ್ತದೆ ಅನ್ನುತ್ತಾರೆ. ನಿಜವೇ. ಅದನ್ನು ಕಡಿದು ಸಾಗಿಸುವಾಗ ಎಷ್ಟು ಬಿಡುತ್ತೇವೆ ಅನ್ನೋದು ಮಾತ್ರ ಯಾರ ಬಾಯಲ್ಲೂ ಬರಲ್ಲ.

ಫೆಬ್ರವರಿಯಲ್ಲಿ ಲೋಡ್ ಬಂದ ದಿನ ಮೊಳದುದ್ದದ ಒಂದು ತುಂಡು ಕೊಯ್ದು ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. 6 ಕಿಲೋ. ಅಟ್ಟದ ಮೇಲಿಟ್ಟು ಮರೆತೇಬಿಟ್ಟಿದ್ದೆ. ಮೇ ಕೊನೆಗೆ ಅದೇ ತಕ್ಕಡಿಯಲ್ಲಿ 3 ಕಿಲೋ 900 ಗ್ರಾಂ. ‘ಇಲಿ ತಿಂತೇನ್ರೀ?’ ಅಂತ ಅಂಗಡಿಯವರು ನಕ್ಕರು.

ಈ ಲೆಕ್ಕದಲ್ಲಿ 12 ಟನ್ ಲೋಡಿನಲ್ಲಿ 4 ಟನ್ ಬರೀ ನೀರು! ಅದನ್ನು ಹೊತ್ತು ತರಲೂ ಡೀಸೆಲ್ ಸುಡಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ‘ಘಾಟ್ ಇಳಿಜಾರಲ್ರೀ ಸಾವ್ಕಾರ್ರ, ಏನ್ ಡೀಸೆಲ್ ಕುಡಿತೈತಿ’ ಅಂತಾನೆ ನಮ್ಮ ಡ್ರೈವರ್. ಅನಮೋಡದವರೆಗಿನ ಏರುತಗ್ಗು ಅವನ ಲೆಕ್ಕಕ್ಕಿಲ್ಲ. ಅಷ್ಟಕ್ಕೇ ಮುಗಿಯಲ್ಲ. ರಫ್ತಿನ ಪ್ಯಾಲೆಟ್ ಆದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾಯಬೇಕು, ಅದು ಅಂತರರಾಷ್ಟ್ರೀಯ ನಿಯಮ. ಹಸಿ ಮರ ಕಾಯಿಸಲು ಸೌದೆ ಜಾಸ್ತಿ ಬೇಕು.

ಉಪಾಯ ಹೊಸದೇನಲ್ಲ. ಮಳೆಗಾಲ ಕಳೆದ ಮೇಲೆ ಕಡಿದು, ಟೊಂಗೆ ಸವರದೆ ಎಲೆ ಸಮೇತ ಒಂದಷ್ಟು ದಿನ ಬಿಟ್ಟರೆ ಆ ಎಲೆಗಳೇ ಕಾಂಡದ ನೀರನ್ನು ಎಳೆದುಬಿಡುತ್ತವೆ. ಆಮೇಲೆ ಟೊಂಗೆ ಸವರಿ, ಸಿಪ್ಪೆ ಸುಲಿದು ಸಾಗಿಸಿದರಾಯಿತು. ಹುಳ ಬೀಳುವಷ್ಟು ದಿನ ಬಿಡಬಾರದು, ಅಷ್ಟೇ. ಸವರಿದ ಸೊಪ್ಪಿಗೆ ಅಲ್ಲೇ ಬೆಂಕಿ ಇಡುವುದನ್ನೂ ನಿಲ್ಲಿಸಬೇಕು. ಹಾಗೇ ಬಿಟ್ಟರೆ ಮಣ್ಣಿಗಾದರೂ ಸೇರುತ್ತೆ, ಅಲ್ವಾ?

ಹಾಗಾದರೆ ಯಾಕೆ ಒಣಗಿಸುವುದಿಲ್ಲ? ನಾವು ಕೊಳ್ಳುವುದು ಟನ್ ಲೆಕ್ಕದಲ್ಲಿ. ಒಣಗಿಸಿದರೆ ಮಾರುವವನ ದುಡ್ಡೇ ಆವಿಯಾದ ಹಾಗೆ. ಗುತ್ತಿಗೆದಾರರೊಬ್ಬರು ನನಗೆ ನೇರವಾಗಿಯೇ ಹೇಳಿದರು: ‘ಒಣಗಿಸಿ ನಾವ್ಯಾಕೆ ಲಾಸ್ ಆಗೋಣ?’ ಅವರದೂ ತಪ್ಪಲ್ಲ. ಡಿಪೋಗಳಲ್ಲಿ ಸಾಗವಾನಿಯನ್ನು ಘನ ಮೀಟರಿನಲ್ಲಿ ಅಳೆದು ಮಾರುತ್ತಾರೆ, ಅಲ್ಲಿ ನೀರಿಗೆ ಬೆಲೆ ಇಲ್ಲ. ಅಕೇಶಿಯಾಕ್ಕೂ ಅದೇ ಅಳತೆ ಬರಲಿ. ಅರಣ್ಯ ಇಲಾಖೆಯವರು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಮುಂದಿನ ದೀಪಾವಳಿಯ ನಂತರದ ಒಂದು ಲೋಡನ್ನು ಘನ ಅಡಿ ಲೆಕ್ಕದಲ್ಲಿ ಕೊಡಿ, ದರ ಸ್ವಲ್ಪ ಹೆಚ್ಚೇ ಇರಲಿ ಅಂತ ಕೇಳಿದ್ದೇನೆ. ಗುತ್ತಿಗೆದಾರರು ಇನ್ನೂ ಹೂಂ ಅಂದಿಲ್ಲ.

– ನಿಮ್ಮ ಓದುಗ, ಫೋಂಡಾ, ಗೋವಾ