ಗೋಪುರವಿಲ್ಲದ ರನ್‌ವೇಗಳಲ್ಲಿ ರೇಡಿಯೊ ಕಡ್ಡಾಯವಾಗಲಿ: ನಾಗರಿಕ ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ವಿಷಯ: ನಿಯಂತ್ರಣ ಗೋಪುರವಿಲ್ಲದ ವಿಮಾನ ನಿಲ್ದಾಣಗಳಲ್ಲಿ ಪೈಲಟ್‌ಗಳ ರೇಡಿಯೊ ಸಂವಹನದ ಕುರಿತು.

ಸವಿನಯ ನಮಸ್ಕಾರಗಳು. ಹದಿನೇಳು ವರ್ಷಗಳಿಂದ ನಾನು ಸಣ್ಣ ವಿಮಾನಗಳನ್ನು ಹಾರಿಸುತ್ತಿದ್ದೇನೆ, ಅದರಲ್ಲಿ ಬಹುಪಾಲು ಹಾರಾಟ ನಡೆದಿರುವುದು ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ. ಅಲ್ಲಿ ಇಳಿಯಲು, ಏರಲು ಅನುಮತಿ ಕೊಡುವವರು ಯಾರೂ ಇರುವುದಿಲ್ಲ. ಎಲ್ಲರಿಗೂ ಸಾಮಾನ್ಯವಾದ ಒಂದು ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಪ್ರತಿಯೊಬ್ಬ ಪೈಲಟ್ ತಾನೆಲ್ಲಿದ್ದೇನೆ, ಏನು ಮಾಡಲಿದ್ದೇನೆ ಎಂದು ಹೇಳುತ್ತಾರೆ. ಉಳಿದವರು ಅದನ್ನು ಕೇಳಿಸಿಕೊಂಡು ತಮ್ಮ ಸರದಿಯನ್ನು ಹೊಂದಿಸಿಕೊಳ್ಳುತ್ತಾರೆ. ಈ ಪದ್ಧತಿಯನ್ನು ದೂರುವ ಉದ್ದೇಶ ನನಗಿಲ್ಲ. ಜಗತ್ತಿನಾದ್ಯಂತ ಸಾವಿರಾರು ನಿಲ್ದಾಣಗಳು ಹೀಗೆಯೇ ನಡೆಯುತ್ತಿವೆ, ಎಲ್ಲೆಡೆ ಗೋಪುರ ಕಟ್ಟಿ ಸಿಬ್ಬಂದಿಯನ್ನು ನೇಮಿಸುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ನನ್ನ ಅಹವಾಲು ಇಷ್ಟು: ಇಡೀ ಪದ್ಧತಿಯೇ ಮಾತನ್ನು ನಂಬಿಕೊಂಡಿರುವಾಗ, ಆ ಮಾತನ್ನು ಆಡುವುದು ಬಿಡುವುದು ಪೈಲಟ್‌ನ ಇಷ್ಟಕ್ಕೆ ಬಿಟ್ಟ ಸೌಜನ್ಯವಾಗಿ ಉಳಿಯಬಾರದು, ಮತ್ತು ಆಡಿದ ಮಾತು ತಲುಪಿತೇ ಎಂದು ತಿಳಿಯುವ ಒಂದು ದಾರಿ ಅವರಿಗಿರಬೇಕು.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಅಂಥ ನಿಲ್ದಾಣವೊಂದರ 27ನೇ ರನ್‌ವೇಯ (ಈ ಸಂಖ್ಯೆ ರನ್‌ವೇ ಮುಖಮಾಡಿರುವ ದಿಕ್ಕನ್ನು ಸೂಚಿಸುತ್ತದೆ) ತುದಿಯಲ್ಲಿ ಟೇಕಾಫ್‌ಗೆ ಸಿದ್ಧನಾಗಿ ನಿಂತಿದ್ದೆ. ಗಾಳಿ ಇರಲಿಲ್ಲವಾದ್ದರಿಂದ ಯಾವ ತುದಿಯಿಂದ ಇಳಿದರೂ ಏರಿದರೂ ತಪ್ಪಿರಲಿಲ್ಲ. ನಿಲ್ದಾಣದ ಹೆಸರು, ವಿಮಾನದ ಗುರುತು, ರನ್‌ವೇ ಸಂಖ್ಯೆ, ಹೊರಡುವ ದಿಕ್ಕು ಎಲ್ಲವನ್ನೂ ರೇಡಿಯೊದಲ್ಲಿ ಹೇಳಿ ಸ್ವಲ್ಪ ಹೊತ್ತು ಕಿವಿಗೊಟ್ಟೆ. ಯಾರ ದನಿಯೂ ಕೇಳಲಿಲ್ಲ. ಥ್ರಾಟಲ್ ಮೇಲೆ ಕೈ ಇಟ್ಟಾಗ ಆಚೆ ತುದಿಯ ತೆಳು ಮಂಜಿನಲ್ಲಿ ಒಂದು ಬೆಳಕಿನ ಚುಕ್ಕಿ ಕಂಡಿತು. ಅದು ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ. ಇದ್ದಲ್ಲೇ ಇದ್ದು ದೊಡ್ಡದಾಗುವ ಬೆಳಕೆಂದರೆ ನೇರವಾಗಿ ನಮ್ಮತ್ತಲೇ ಬರುತ್ತಿರುವ ವಿಮಾನ ಎಂಬುದನ್ನು ತರಬೇತಿಯ ಮೊದಲ ದಿನಗಳಲ್ಲೇ ಕಲಿಸುತ್ತಾರೆ. ವಿಮಾನವನ್ನು ತಿರುಗಿಸಿಕೊಂಡು ರನ್‌ವೇಗೆ ಬಂದ ದಾರಿಯಾದ ಟ್ಯಾಕ್ಸಿವೇಗೆ ಮರಳಿದೆ. ಆ ವಿಮಾನ ಅದೇ ಪಟ್ಟಿಯ ಇನ್ನೊಂದು ತುದಿಯಿಂದ, ಅಂದರೆ 09ನೇ ರನ್‌ವೇ ಎಂದು ಕರೆಯುವ ಕಡೆಯಿಂದ ಇಳಿದು, ನನ್ನ ಮುಂದೆಯೇ ಹಾದುಹೋಯಿತು.

ಅದರ ಪೈಲಟ್ ನನಗಿಂತ ಹಿರಿಯರು, ಶಿಸ್ತಿನವರು. ಅವರ ತೊಡೆಗೆ ಕಟ್ಟಿಕೊಂಡಿದ್ದ ಕಾಗದದಲ್ಲಿ ಆಡಿದ ಪ್ರತಿ ಮಾತಿಗೂ ಪೆನ್ಸಿಲಿನ ಗುರುತು ಇತ್ತು: ಹತ್ತು ಮೈಲಿ ದೂರದಲ್ಲಿ ಒಂದು, ಐದು ಮೈಲಿಗೆ ಒಂದು, ಫೈನಲ್‌ಗೆ, ಅಂದರೆ ರನ್‌ವೇಯ ನೇರಕ್ಕಿರುವ ಕೊನೆಯ ಹಾದಿಗೆ, ತಿರುಗಿದಾಗ ಒಂದು. ಇಬ್ಬರೂ ಸೇರಿ ಅವರ ರೇಡಿಯೊ ನೋಡಿದೆವು. ಫ್ರೀಕ್ವೆನ್ಸಿಯ ಕೊನೆಯ ಒಂದು ಅಂಕಿ ತಪ್ಪಾಗಿತ್ತು. ಇಬ್ಬರೂ ಹೇಳಬೇಕಾದ್ದನ್ನೆಲ್ಲ ಹೇಳಿದ್ದೆವು, ಇಬ್ಬರಿಗೂ ಮೌನವೇ ಉತ್ತರವಾಗಿ ಬಂದಿತ್ತು, ಇಬ್ಬರೂ ಆ ಮೌನವನ್ನು ರನ್‌ವೇ ಖಾಲಿ ಎಂದೇ ಅರ್ಥಮಾಡಿಕೊಂಡಿದ್ದೆವು. ಅಂದು ಮಂಜು ಇನ್ನಷ್ಟು ದಟ್ಟವಾಗಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ಅಷ್ಟು ಅದೃಷ್ಟವಿಲ್ಲದವರ ಕಥೆ 1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ ನಡೆಯಿತು. ಹತ್ತು ಪ್ರಯಾಣಿಕರು, ಇಬ್ಬರು ಪೈಲಟ್‌ಗಳಿದ್ದ ಬೀಚ್‌ಕ್ರಾಫ್ಟ್ 1900 ವಿಮಾನ 13ನೇ ರನ್‌ವೇಗೆ ಇಳಿಯಲು ಬರುತ್ತಿತ್ತು. ಅದಕ್ಕೆ ಅಡ್ಡಲಾಗಿ ಹಾಯುವ 4ನೇ ರನ್‌ವೇಯ ತುದಿಯಲ್ಲಿ ಒಂದು ಕಿಂಗ್ ಏರ್ ವಿಮಾನ, ಅದರ ಹಿಂದೆ ಒಂದು ಪುಟ್ಟ ಚೆರೋಕಿ ವಿಮಾನ ನಿಂತಿದ್ದವು. 4ನೇ ರನ್‌ವೇಯಲ್ಲಿರುವವರು ಕಾಯುತ್ತೀರೋ ಹೊರಡುತ್ತೀರೋ ಎಂದು ಇಳಿಯುವವರು ಕೇಳಿದರು. ಉತ್ತರ ಬಂದದ್ದು ಹಿಂದಿದ್ದ ಚೆರೋಕಿಯಿಂದ. ಅದೇ ಕ್ಷಣದಲ್ಲಿ ಇಳಿಯುವ ವಿಮಾನದ ಕಾಕ್‌ಪಿಟ್‌ನಲ್ಲಿ ಎತ್ತರ ತಿಳಿಸುವ ಯಂತ್ರದ ದನಿ ಮೊಳಗಿ, ಆ ಉತ್ತರದ ಕೊನೆಯ ಭಾಗವನ್ನು ಮುಚ್ಚಿಹಾಕಿತು. ಮುಂದಿರುವ ಕಿಂಗ್ ಏರ್ ತಾನು ಕಾಯುವುದಾಗಿ ಹೇಳಿತೆಂದೇ ಅವರು ತಿಳಿದರು. ಕಿಂಗ್ ಏರ್ ಮಾತ್ರ ಓಡಲಾರಂಭಿಸಿತು. ಹೊರಟೆ ಎಂಬ ಒಂದು ಮಾತೂ ಅದರಿಂದ ಬರಲಿಲ್ಲ. ಎರಡು ರನ್‌ವೇಗಳು ಕೂಡುವಲ್ಲಿ ಎರಡೂ ಡಿಕ್ಕಿಯಾಗಿ ಒಟ್ಟು 14 ಜನ ಸತ್ತರು. ಪ್ರಯಾಣಿಕ ವಿಮಾನದಲ್ಲಿದ್ದವರು ಡಿಕ್ಕಿಯ ಹೊಡೆತವನ್ನು ತಾಳಿ ಬದುಕಬಹುದಿತ್ತು. ಬಾಗಿಲು ತೆರೆಯಲಾಗದೆ ಹೊಗೆ ಬೆಂಕಿಗಳ ನಡುವೆ ಸತ್ತರು. ಹೊರಗಿನಿಂದ ಓಡಿಬಂದವರು ಕೈಯಾರೆ ಆ ಬಾಗಿಲನ್ನು ತೆರೆಯಲು ಹೆಣಗಿದ್ದರು. ಕಿಂಗ್ ಏರ್‌ನ ಪೈಲಟ್‌ಗಳು ಸಾಮಾನ್ಯ ಫ್ರೀಕ್ವೆನ್ಸಿಗೆ ಸರಿಯಾಗಿ ಕಿವಿಗೊಡದಿದ್ದುದು ಅಥವಾ ಸುತ್ತ ನೋಡದಿದ್ದುದು ಮುಖ್ಯ ಕಾರಣವೆಂದು ತನಿಖೆ ಹೇಳಿತು.

ತಾವು ಗಮನಿಸಬೇಕಾದ ಸಂಗತಿಯೆಂದರೆ, ಅಮೆರಿಕದಲ್ಲಿ ಇಂದಿಗೂ ಗೋಪುರವಿಲ್ಲದ ನಿಲ್ದಾಣಗಳಲ್ಲಿ ಈ ಮಾತುಗಳು ಸಾಮಾನ್ಯವಾಗಿ ಶಿಫಾರಸು ಮಾತ್ರ. ಆಸ್ಟ್ರೇಲಿಯಾ ಪ್ರಮಾಣೀಕೃತ ನಿಲ್ದಾಣಗಳಲ್ಲಿ ರೇಡಿಯೊವನ್ನು ಕಡ್ಡಾಯ ಮಾಡಿದೆ. ಹಾಗೆ ಮಾಡಿದ ಮೇಲೂ ತೊಂದರೆ ಪೂರ್ತಿ ತಪ್ಪಲಿಲ್ಲ ಎಂಬುದನ್ನು ಮುಚ್ಚಿಡಲಾರೆ. 2023ರ ಜೂನ್‌ನಲ್ಲಿ ಅಲ್ಲಿನ ಮಿಲ್ಡೂರಾದಲ್ಲಿ ಸಣ್ಣ ವಿಮಾನದ ಪೈಲಟ್ 36ನೇ ರನ್‌ವೇ ಎನ್ನುವ ಬದಲು 35 ಎಂದರು. ಒಂದಕ್ಕೊಂದು ಕಾಣದ ಎರಡು ತುದಿಗಳಿಂದ ಅದೂ, ಡ್ಯಾಶ್ 8 ಪ್ರಯಾಣಿಕ ವಿಮಾನವೂ ಅಡ್ಡಹಾಯುವ ರನ್‌ವೇಗಳಲ್ಲಿ ಟೇಕಾಫ್‌ಗೆ ಓಡಿದವು. ಪುಣ್ಯಕ್ಕೆ ಡಿಕ್ಕಿಯಾಗಲಿಲ್ಲ. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಇಬ್ಬರು ಪೈಲಟ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದ್ದರು. ನಿಲ್ದಾಣದ ಸುತ್ತು ಹಾಕಿ ಇಳಿಯುತ್ತಿದ್ದ ಸೆಸ್ನಾ 152ರ ಹಿಂದೆ ಸೆಸ್ನಾ 340 ಸುಮಾರು 180 ನಾಟ್ (ಗಂಟೆಗೆ ಸುಮಾರು 330 ಕಿ.ಮೀ.) ವೇಗದಲ್ಲಿ ನೇರವಾಗಿ ನುಗ್ಗಿಬಂದು ಡಿಕ್ಕಿಯಾಗಿ ಮೂವರು ಸತ್ತರು. ಮಾತು ಕಡ್ಡಾಯವಾಗಿದ್ದರೂ ಆ ಮೂವರು ಉಳಿಯುತ್ತಿರಲಿಲ್ಲ. ಆದ್ದರಿಂದ ಹೊಸ ನಿಯಮ ಯಾವುದೇ ಇರಲಿ, ಕಣ್ಣಿಟ್ಟು ನೋಡುವ ಹೊಣೆಯನ್ನು ಅದು ಎಳ್ಳಷ್ಟೂ ಕಡಿಮೆ ಮಾಡಬಾರದು.

ರೇಡಿಯೊದ ಸ್ವಭಾವವನ್ನೂ ತಮ್ಮ ಗಮನಕ್ಕೆ ತರಬೇಕು. ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಉಳಿದವರಿಗೆ ಕೇಳುವುದು ಕರ್ಕಶವಾದ ಕೀರಲು ಮಾತ್ರ, ಆದರೆ ಮಾತಾಡಿದ ಇಬ್ಬರಿಗೂ ಅದು ಗೊತ್ತಾಗುವುದಿಲ್ಲ. ಒಬ್ಬರ ಮೈಕಿನ ಗುಂಡಿ ಒತ್ತಿದ್ದು ಹಾಗೆಯೇ ಸಿಕ್ಕಿಕೊಂಡರೆ ಫ್ರೀಕ್ವೆನ್ಸಿಯೇ ಎಲ್ಲರಿಗೂ ಮುಚ್ಚಿಹೋಗುತ್ತದೆ. ಹಲವು ನಿಲ್ದಾಣಗಳು ಒಂದೇ ಫ್ರೀಕ್ವೆನ್ಸಿಯನ್ನು ಹಂಚಿಕೊಳ್ಳುವುದರಿಂದಲೇ ಮಾತಿನ ಆರಂಭದಲ್ಲೂ ಕೊನೆಯಲ್ಲೂ ನಿಲ್ದಾಣದ ಹೆಸರು ಹೇಳುವ ರೂಢಿ ಬಂದಿದೆ.

ಈ ಕಾರಣಗಳಿಂದ ನನ್ನ ಮೊದಲ ಕೋರಿಕೆ, ಪ್ರಯಾಣಿಕ ವಿಮಾನಗಳು ಬರುವ, ಗೋಪುರವಿಲ್ಲದ ಪ್ರತಿಯೊಂದು ನಿಲ್ದಾಣದಲ್ಲಿ ರೇಡಿಯೊ ಹೊಂದಿರುವುದನ್ನೂ ಬಳಸುವುದನ್ನೂ ಕಡ್ಡಾಯಗೊಳಿಸಬೇಕು. ವಿದ್ಯುತ್ ವ್ಯವಸ್ಥೆಯೇ ಇಲ್ಲದ ಹಳೆಯ ವಿಮಾನಗಳ ಗತಿಯೇನು ಎಂದು ನನ್ನ ಗೆಳೆಯರೇ ಕೇಳುತ್ತಾರೆ. ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವ ರೇಡಿಯೊ ಅವರಿಗೆ ಸಾಕು. ಇದಕ್ಕಿಂತ ಹೆಚ್ಚು ಒತ್ತಿ ಕೇಳಿಕೊಳ್ಳುವುದು ಎರಡನೆಯದನ್ನು: ಆಡಿದ ಮಾತು ತಲುಪಿತೆಂದು ತಿಳಿಸುವ ಉಪಕರಣ ಇಂಥ ನಿಲ್ದಾಣಗಳಲ್ಲಿರಬೇಕು. ಆಸ್ಟ್ರೇಲಿಯಾದ ಹಲವು ನಿಲ್ದಾಣಗಳಲ್ಲಿ ಒಂದು ಸ್ವಯಂಚಾಲಿತ ಉಪಕರಣವಿದೆ. ಹಿಂದಿನ ಐದು ನಿಮಿಷ ಯಾರೂ ಮಾತಾಡಿರದಿದ್ದರೆ, ಪೈಲಟ್ ಮಾತು ಮುಗಿಸಿದೊಡನೆ ಅದು ನಿಲ್ದಾಣದ ಹೆಸರನ್ನು ಹೇಳುತ್ತದೆ. ಮಾತು ನಡೆಯುತ್ತಿದ್ದರೆ ಚಿಕ್ಕದೊಂದು ಬೀಪ್ ಶಬ್ದ ಮಾಡುತ್ತದೆ. ಹೆಸರು, ಬೀಪ್ ಎರಡೂ ಬರಲಿಲ್ಲವೆಂದರೆ ಫ್ರೀಕ್ವೆನ್ಸಿ ತಪ್ಪಿರಬಹುದೆಂದು ಪೈಲಟ್‌ಗೆ ಕೂಡಲೇ ತಿಳಿಯುತ್ತದೆ. ನನ್ನೆದುರು ಇಳಿದ ಆ ಹಿರಿಯರಿಗೆ ಹತ್ತು ಮೈಲಿ ದೂರದಲ್ಲೇ ಅದು ತಿಳಿದುಬಿಡುತ್ತಿತ್ತು.

ಇದರ ಜೊತೆಗೆ ಫ್ರೀಕ್ವೆನ್ಸಿಯ ಮಾತುಗಳನ್ನು ಧ್ವನಿಮುದ್ರಿಸಿ ನಿರ್ದಿಷ್ಟ ಅವಧಿಯವರೆಗೆ ಉಳಿಸಬೇಕು. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳಿಂದ ಕಲಿಯಲು ಬೇರೆ ದಾರಿಯಿಲ್ಲ. ಪರವಾನಗಿ ಪರೀಕ್ಷೆಯಲ್ಲಿ, ಪ್ರಶ್ನೆಗೆ ಉತ್ತರಿಸುವವರು ತಮ್ಮ ವಿಮಾನದ ಗುರುತನ್ನೂ ತಾವು ನಿಂತ ಜಾಗವನ್ನೂ ಮೊದಲು ಹೇಳಿ ಆಮೇಲೆ ಉಳಿದದ್ದನ್ನು ಹೇಳುವುದನ್ನು ಕಟ್ಟುನಿಟ್ಟಾಗಿ ನೋಡಬೇಕು. ಕ್ವಿನ್ಸಿಯಲ್ಲಿ ಉತ್ತರದ ಮೊದಲ ಮಾತೇ "ಕಿಂಗ್ ಏರ್ ಹಿಂದಿರುವ ಚೆರೋಕಿ" ಎಂದಾಗಿದ್ದರೆ, ಯಂತ್ರದ ದನಿ ಅದನ್ನು ನುಂಗುತ್ತಿರಲಿಲ್ಲ.

ಈ ಕುರಿತು ಕರಡು ನಿಯಮ ಸಿದ್ಧವಾಗುವುದಾದರೆ ಅದನ್ನು ಸಣ್ಣ ವಿಮಾನಗಳ ಪೈಲಟ್‌ಗಳ, ತರಬೇತುದಾರರ ಮುಂದೆಯೂ ಇಟ್ಟು ಅಭಿಪ್ರಾಯ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ. ತಮ್ಮ ಅಧಿಕಾರಿಗಳು ಇಂಥ ನಿಲ್ದಾಣವೊಂದರಲ್ಲಿ ಅರ್ಧ ದಿನ ರೇಡಿಯೊ ಮುಂದೆ ಕುಳಿತು ಕೇಳಲು ಒಪ್ಪಿದರೆ, ಜೊತೆಗೆ ಕುಳಿತು ಪ್ರತಿ ಮಾತನ್ನೂ ವಿವರಿಸಲು ನಾನು ಯಾವತ್ತೂ ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಪೈಲಟ್