ಬಾಣದ ಗುರುತಿಲ್ಲದ ಆಟ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಿಡಿಯೊ ಗೇಮ್‌ಗಳ ಬಗ್ಗೆ ಬಂದ ಬರಹ ಓದಿದೆ. ಆಡುವವರೆಲ್ಲ ಹದಿನಾಲ್ಕರ ಹುಡುಗರು, ಆಡುವುದೆಲ್ಲ ಗುಂಡು ಹಾರಿಸುವ ಆಟ ಅನ್ನುವ ಹಾಗಿತ್ತು. ನನಗೆ ನಲವತ್ತಮೂರು. ಕೊಡಗಿನ ನಾಪೋಕ್ಲು ಹತ್ತಿರ ಆರು ಎಕರೆ ರೋಬಸ್ಟಾ ಕಾಫಿ, ನಡುವೆ ಒಂದಿಷ್ಟು ಕರಿಮೆಣಸು. ಕಾಫಿ ಕುಯ್ಲು, ಕಣದ ಕೆಲಸ ಇರುವಾಗ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿಟ್ಟಿರುತ್ತೇನೆ. ಅದನ್ನು ತೆಗೆಯುವುದು ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಗೆ. ಅದೂ ಕರೆಂಟ್ ಇದ್ದರೆ. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸ ಯಾವ ಗೇಮೂ ಕಲಿಸಿದ್ದಲ್ಲ, ಈ ಮಳೆ ಕಲಿಸಿದ್ದು.

ಆಡುವುದು ಒಂದೇ ಸರಣಿ, ಕತ್ತಿ-ಮಂತ್ರಗಳ ಕಲ್ಪನೆಯ ಲೋಕದಲ್ಲಿ ಅಲೆಯುವ ಎಲ್ಡರ್ ಸ್ಕ್ರೋಲ್ಸ್. ಅದರಲ್ಲೂ ಮೂರೇ: 2002ರ ಮೊರೊವಿಂಡ್, 2006ರ ಒಬ್ಲಿವಿಯನ್, 2011ರ ಸ್ಕೈರಿಮ್. ನೋಡೋಕೆ ಸ್ಕೈರಿಮ್ ಚೆಂದ, ಒಪ್ಪುತ್ತೇನೆ. ಆ ಹಿಮದ ಬೆಟ್ಟಗಳ ಮೇಲೆ ಸುಮ್ನೆ ನಡೆಯುತ್ತಾ ಒಂದು ಸಂಜೆ ಕಳೆಯಬಹುದು. ಆದರೆ ಎಲ್ಲಿ ಹೋಗಬೇಕು ಅಂತ ಬಾಣದ ಗುರುತು ತೋರಿಸುತ್ತಲೇ ಇರುತ್ತದೆ. ಅದರ ಹಿಂದೆ ಹೋದರೆ ಆಯಿತು, ಯಾರು ಏನು ಹೇಳಿದರು ಅನ್ನುವುದೇ ಬೇಡ.

ಮೊರೊವಿಂಡ್‌ನಲ್ಲಿ ಬಾಣವಿಲ್ಲ. ಆಟದೊಳಗಿನ ಜನರನ್ನು ಕೇಳಬೇಕು, ಅವರು ಹೇಳಿದ್ದು ದಾಖಲಾಗುವ ಡೈರಿ ಓದಬೇಕು. ಶುರುವಿನಲ್ಲೇ ಒಂದು ಪುಟ್ಟ ಪೆಟ್ಟಿಗೆ ತರೋಕೆ ಹಾಳು ಬಿದ್ದ ಕೋಟೆಗೆ ಕಳಿಸುತ್ತಾರೆ. ಹಳೇ ಸೇತುವೆ ದಾಟಬೇಕು, ಬಾಗಿಲು ತೆಗೆಯೋಕೆ ಹೊರಗಿರುವ ಹಿಡಿ ಹುಡುಕಿ ತಿರುಗಿಸಬೇಕು. ಒಳಗೆ ಹೋದರೆ ಆ ಪೆಟ್ಟಿಗೆ ಶೆಲ್ಫಿನ ಮೇಲೆ ಏನೂ ಅಲ್ಲದ ಸಾಮಾನಿನ ಹಾಗೆ ಕೂತಿರುತ್ತದೆ. ಮೊದಲ ಸಲ ನನಗೆ ಎರಡು ರಾತ್ರಿ ಹಿಡಿಯಿತು. ಕೆಲವೊಮ್ಮೆ ಅವರು ಹೇಳುವ ದಾರಿಯೇ ತಪ್ಪಿರುತ್ತದೆ. ಅದಕ್ಕೇ ಅದು ನಮ್ಮೂರಿನ ಹಾಗೆ. ನಮ್ಮ ಮನೆಗೆ ದಾರಿ ಕೇಳಿದರೆ ಇವತ್ತಿಗೂ 'ಅಂಬಲ (ಊರವರು ಸೇರುವ ಜಾಗ) ದಾಟಿ ದೊಡ್ಡ ಹಲಸಿನ ಮರದ ಹತ್ತಿರ ಎಡಕ್ಕೆ' ಅನ್ನುತ್ತಾರೆ. ಆ ಮರ ಬಿದ್ದು ಮೂರು ಮಳೆಗಾಲ ಆಯಿತು.

ಮೊರೊವಿಂಡ್‌ನಲ್ಲಿ ತಪ್ಪಿಲ್ಲ ಅಂತಲ್ಲ. ಕತ್ತಿ ಎದುರಿನವನ ಮೈಗೆ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಒಳಗಿನ ದಾಳದ ಲೆಕ್ಕದಲ್ಲಿ ಏಟು ತಪ್ಪಿದೆ. ಓಡಿ ಓಡಿ ದಣಿದಿದ್ದರೆ ಇನ್ನೂ ಜಾಸ್ತಿ ತಪ್ಪುತ್ತದೆ. ಇದಕ್ಕೇ ಬೇಸತ್ತು ಬಿಟ್ಟವರು ಎಷ್ಟೋ ಜನ.

ಒಬ್ಲಿವಿಯನ್ ನನಗೆ ಹಿಡಿಸಲಿಲ್ಲ. ನಾವು ಬಲವಾದಷ್ಟೂ ದಾರಿಗಳ್ಳರೂ ಬಲವಾಗುತ್ತಾರೆ. ಕೊನೆಗೆ ನೂರು ನಾಣ್ಯಕ್ಕೆ ಅಡ್ಡ ಹಾಕುವ ಕಳ್ಳ ಸಾವಿರಾರು ನಾಣ್ಯದ ಗಾಜಿನ ಕವಚ ತೊಟ್ಟು ನಿಂತಿರುತ್ತಾನೆ. ಅದನ್ನೇ ಮಾರಿಕೊಂಡು ಮನೆಗೆ ಹೋಗಬಾರದೇ? 2025ರಲ್ಲಿ ಆ ಗೇಮನ್ನು ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ನನ್ನ ಹಳೇ ಡಬ್ಬಾದಲ್ಲಿ ಅದು ಓಡುವುದಿಲ್ಲ.

ಬೆಂಗಳೂರಿನಿಂದ ಬಂದ ಅಕ್ಕನ ಮಗ ಒಂದು ಸಂಜೆ ಮೊರೊವಿಂಡ್ ಮುಂದೆ ಕೂತ. ಐದೇ ನಿಮಿಷಕ್ಕೆ 'ಮಾವ, ಬಾಣ ಎಲ್ಲಿ?' ಅಂದ. ಡೈರಿ ಓದೋ ಅಂದೆ. ಬೈದುಕೊಂಡೇ ಓದಿದ. ಕೊನೆಗೆ ಕರೆಂಟ್ ಹೋಗಿ ಯುಪಿಎಸ್ ಕೂಗಿದಾಗ ಆಟದ ಮುಂದಿನಿಂದ ಎಬ್ಬಿಸಬೇಕಾಯಿತು.

ಸಿನಿಮಾಗಳಿಗೆ ವಾರವಾರ ವಿಮರ್ಶೆ ಬರೆಸುತ್ತೀರಿ. ತಿಂಗಳಿಗೊಂದು ಗೇಮ್‌ಗೂ ಬರೆಸಿ, ಆಡಿದವರ ಕೈಲೇ ಬರೆಸಿ. ಬೇಕಿದ್ದರೆ ನಾನೂ ಬರೆಯುತ್ತೇನೆ, ಆದರೆ ಜನವರಿಯಿಂದ ಮಾರ್ಚ್ ತನಕ ಕೇಳಬೇಡಿ.

— ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು