ಹಳೆಯ ಕಾರುಗಳ ಎಂಜಿನ್ ಆಯಿಲ್ ಕುರಿತು ಸದಸ್ಯರಿಗೆ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಹಳೆಯ ಕಾರು ಆಯಿಲ್ ಕುಡಿಯುತ್ತಿದೆ, ಯಾವುದನ್ನು ಹಾಕಿಸಬೇಕು ಎಂದು ಹಲವರು ಕೇಳಿರುವುದರಿಂದ ಇದನ್ನು ಬರೆಯಲಾಗಿದೆ.

ಆಯಿಲ್ ಬದಲಿಸುವ ಮೊದಲು ಅದು ಎಲ್ಲಿ ಹೋಗುತ್ತಿದೆ ಎಂಬುದನ್ನು ಗಮನಿಸಿರಿ. ನಿಂತ ಗಾಡಿಯ ಕೆಳಗೆ ಆಯಿಲಿನ ಕಲೆ ಕಂಡರೆ ಅದು ಸೋರಿಕೆ; ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್‌ಗಳು (ವಾಲ್ವ್ ಬದಿಯಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್ ಸುತ್ತುಗಳು) ಗಟ್ಟಿಯಾಗಿರುವ ಸಂಭವ ಹೆಚ್ಚು; ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್‌ಗಳನ್ನು (ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೇರದಂತೆ ತಡೆಯುವ ಬಳೆಗಳನ್ನು) ಶಂಕಿಸಬೇಕು. ಸವೆದ ರಿಂಗನ್ನು ಯಾವ ಆಯಿಲ್ಲೂ ಸರಿಪಡಿಸುವುದಿಲ್ಲ, ಆಯಿಲ್ ಖರ್ಚಾಗುವುದನ್ನು ಸ್ವಲ್ಪ ತಗ್ಗಿಸಬಹುದಷ್ಟೆ.

ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂಬಂತೆ ಬರೆದಿರುವ ಗ್ರೇಡಿನಲ್ಲಿ ‘ಡಬ್ಲ್ಯೂ’ಗೆ ಮೊದಲು ಬರುವ ಅಂಕಿ ಚಳಿಯಲ್ಲಿ ಹರಿಯುವ ಗುಣವನ್ನೂ, ನಂತರದ್ದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ದಪ್ಪವನ್ನೂ ಸೂಚಿಸುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಹಿಮ ಬೀಳುವ ಚಳಿಯಿಲ್ಲ. ಆದ್ದರಿಂದ 5ಡಬ್ಲ್ಯೂ-30 ಬಳಸುತ್ತಿದ್ದವರು, ಗಾಡಿಯ ಕೈಪಿಡಿ ಒಪ್ಪಿದರೆ, ಬಿಸಿಯಲ್ಲಿ ಸ್ವಲ್ಪ ಹೆಚ್ಚು ದಪ್ಪವಿರುವ 10ಡಬ್ಲ್ಯೂ-40ಕ್ಕೆ ಹೋಗಬಹುದು. ಹಳೆಯ ಗಾಡಿ ಎಂದ ಕೂಡಲೇ 20ಡಬ್ಲ್ಯೂ-50 ಸುರಿಯುವ ಕೆಲವು ಗ್ಯಾರೇಜುಗಳ ರೂಢಿ ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಸಣ್ಣ ಆಯಿಲ್ ದಾರಿಗಳಿರುವ ಎಂಜಿನ್‌ಗಳಲ್ಲಿ ಅಷ್ಟು ದಪ್ಪನೆಯದು ಚಾಲೂ ಮಾಡಿದ ಕೂಡಲೇ ಮೇಲಕ್ಕೇರಲು ತಡವಾಗುತ್ತದೆ. ಹೆಚ್ಚು ಓಡಿದ ಗಾಡಿಗಳಿಗೆಂದೇ ತಯಾರಾಗುವ ಆಯಿಲಿನಲ್ಲಿ ರಬ್ಬರ್ ಸೀಲನ್ನು ಮೆದುವಾಗಿಸುವ ಅಂಶಗಳಿರುತ್ತವೆ. ಸಿಂಥೆಟಿಕ್ ಆಯಿಲ್ ಬಿಸಿಗೆ ಕಡಿಮೆ ಆವಿಯಾಗುತ್ತದೆ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಯವರು ಕಡಿಮೆ ಬೂದಿಯ ಆಯಿಲನ್ನೇ ಕೇಳಿ ಪಡೆಯಬೇಕು.

ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿರಿ; ಮೇಲಿನ ಗುರುತನ್ನು ದಾಟಿ ತುಂಬಿಸಿದರೂ ಆಯಿಲ್ ಹೆಚ್ಚು ಸುಡುತ್ತದೆ.